ನೀರು ಶುದ್ಧೀಕರಣ ಯಂತ್ರದ ನಲ್ಲಿ ಜೋಡಣೆ

ನೀರು ಶುದ್ಧೀಕರಣ ಯಂತ್ರದ ನಲ್ಲಿ ಜೋಡಣೆ ಎಂದರೆ ಕುಡಿಯುವ ನೀರನ್ನು ಮನೆಯಲ್ಲಿಯೇ ಶುದ್ಧಗೊಳಿಸುವ ಉಪಕರಣವನ್ನು ಅಡುಗೆಮನೆಯ ನಲ್ಲಿಗೆ ಅಥವಾ ಆ ನಲ್ಲಿಗೆ ನೀರು ತರುವ ಕೊಳವೆಗೆ ಸೋರಿಕೆಯಿಲ್ಲದಂತೆ ಸೇರಿಸುವ ಕೆಲಸ. ಕರ್ನಾಟಕದ ಬಯಲುಸೀಮೆಯಲ್ಲಿ, ಅದರಲ್ಲಿಯೂ ಹಾಸನ ಜಿಲ್ಲೆಯ ಅರಸೀಕೆರೆಯಂತಹ ಕೊಳವೆಬಾವಿಯ ನೀರನ್ನು ಬಹುವಾಗಿ ಬಳಸುವ ತಾಲ್ಲೂಕುಗಳಲ್ಲಿ, ಇದು ಇಂದು ಮನೆಮನೆಯ ಕೆಲಸವಾಗಿದೆ. ಜೋಡಣೆ ಸೋರಿದಾಗ ಸ್ಪ್ಯಾನರ್ ಹಿಡಿದು ಇನ್ನಷ್ಟು ಬಿಗಿಯುವುದು ಸಾಮಾನ್ಯ ರೂಢಿ. ಆದರೆ ಸೋರಿಕೆಗೆ ಬಿಗಿ ಸಾಲದಿರುವುದು ಕಾರಣವಾಗುವುದು ಕಡಿಮೆ. ಆ ಜೋಡಣೆಯಲ್ಲಿ ನೀರನ್ನು ನಿಜವಾಗಿ ತಡೆಯುವ ಭಾಗ ಯಾವುದೆಂದು ತಿಳಿಯದೆ ಇನ್ನೊಂದು ಭಾಗಕ್ಕೆ ಬಲ ಹಾಕುವುದೇ ಹೆಚ್ಚಿನ ಸೋರಿಕೆಗಳ ಮೂಲ.

ಹೆಸರುಗಳು

ನೀರು ಬಿಡುವ ತಿರುಗಣೆಯುಳ್ಳ ಕೊಳವೆಯ ಬಾಯಿಗೆ ಹಳೆಯ ಮೈಸೂರು ಪ್ರಾಂತ್ಯದಲ್ಲಿ ನಲ್ಲಿ ಅಥವಾ ಕೊಳಾಯಿ ಎಂದೂ ಉತ್ತರ ಕರ್ನಾಟಕದಲ್ಲಿ ನಳ ಎಂದೂ ಹೆಸರು. ಸಂಸ್ಕೃತದಲ್ಲಿ ನಳ ಎಂದರೆ ಒಳಗೆ ಟೊಳ್ಳಾದ ಜೊಂಡು, ಅಂದರೆ ಕೊಳವೆ. ಗೋಡೆಯಿಂದ ಹೊರಬಂದು ಬಾಗಿದ ಬಾಯುಳ್ಳ ಸಾಮಾನ್ಯ ನಲ್ಲಿಯನ್ನು ಅಂಗಡಿಯವರು ಬಿಬ್ ಕಾಕ್ ಎಂದೂ, ತೊಟ್ಟಿಯ ಕೆಳಗೆ ಗೋಡೆಗೆ ಅಂಟಿಕೊಂಡಿರುವ ಸಣ್ಣ ತಡೆನಲ್ಲಿಯನ್ನು ಆಂಗಲ್ ಕಾಕ್ ಎಂದೂ ಕರೆಯುತ್ತಾರೆ. ಶುದ್ಧೀಕರಣ ಯಂತ್ರಕ್ಕೆ ಫಿಲ್ಟರ್ ಎಂಬ ಮಾತು ಎಲ್ಲೆಡೆ ರೂಢಿಯಲ್ಲಿದೆ. ಅಕ್ವಾಗಾರ್ಡ್ ಎಂಬುದು ಒಂದು ಕಂಪನಿಯ ಸರಕಿನ ಹೆಸರಾದರೂ ಅನೇಕ ಮನೆಗಳಲ್ಲಿ ಯಾವ ಕಂಪನಿಯ ಯಂತ್ರವನ್ನಾದರೂ ಹಾಗೆಯೇ ಕರೆಯುತ್ತಾರೆ. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಅಂಕಿತನಾಮವೊಂದು ರೂಢನಾಮವಾಗಿ ಬದಲಾದುದಕ್ಕೆ ಇದು ಒಳ್ಳೆಯ ಉದಾಹರಣೆ.

ಹಿನ್ನೆಲೆ

ಹಾಸನ ಜಿಲ್ಲೆಯ ಪಶ್ಚಿಮದಲ್ಲಿ ಸಕಲೇಶಪುರದ ಮಲೆನಾಡಿದ್ದು, ಬೇಲೂರು ಮತ್ತು ಹಳೇಬೀಡುಗಳನ್ನು ದಾಟಿ ಪೂರ್ವಕ್ಕೆ ಬಂದಂತೆ ಮಳೆ ಕಡಿಮೆಯಾಗುತ್ತದೆ. ಅರಸೀಕೆರೆ ಪಟ್ಟಣ ಮತ್ತು ಅದರ ಸಮೀಪದ ಮಾಲೇಕಲ್ಲು ತಿರುಪತಿ ಬೆಟ್ಟದ ಆಸುಪಾಸಿನ ಊರುಗಳು ಬಯಲುಸೀಮೆಗೆ ಸೇರಿದವು. ಈ ಭಾಗದ ಊರುಗಳ ಹೆಸರುಗಳೇ ಹಿಂದೆ ನೀರು ಎಲ್ಲಿಂದ ಬರುತ್ತಿತ್ತೆಂಬುದನ್ನು ಹೇಳುತ್ತವೆ: ಅರಸೀಕೆರೆ ಎಂದರೆ ಅರಸಿಯ ಕೆರೆ, ಹಳೇಬೀಡಿನ ಹಳೆಯ ಹೆಸರು ದೋರಸಮುದ್ರ. ಹಳೇಬೀಡಿಗೆ ಹತ್ತಿರದ ಹುಲಿಕೆರೆಯಲ್ಲಿ ಹೊಯ್ಸಳರ ಕಾಲದ ಕಲ್ಲಿನ ಕಲ್ಯಾಣಿಯೊಂದು ಇಂದಿಗೂ ಉಳಿದಿದೆ. ಕೆರೆ ಮತ್ತು ಸೇದುವ ಬಾವಿಗಳ ಕಾಲದಲ್ಲಿ ಶುದ್ಧೀಕರಣವೆಂದರೆ ಕೊಡದ ಬಾಯಿಗೆ ಬಿಳಿಯ ಬಟ್ಟೆ ಕಟ್ಟಿ ಸೋಸುವುದು, ಬಳಿಕ ಕಾಯಿಸಿ ಆರಿಸುವುದು. ಅನಂತರ ಬಂದ ಕ್ಯಾಂಡಲ್ ಫಿಲ್ಟರಿನಲ್ಲಿ ಒಂದರ ಮೇಲೊಂದಿಟ್ಟ ಎರಡು ಸ್ಟೀಲ್ ಪಾತ್ರೆಗಳಿದ್ದು, ಮೇಲಿನದರಲ್ಲಿ ಪಿಂಗಾಣಿಯ ಕ್ಯಾಂಡಲ್ ಇರುತ್ತಿತ್ತು. ನೀರು ತನ್ನ ಭಾರದಿಂದಲೇ ಕೆಳಗಿಳಿಯುತ್ತಿದ್ದುದರಿಂದ ಇದಕ್ಕೂ ನಲ್ಲಿಗೂ ಸಂಬಂಧವಿರಲಿಲ್ಲ. ಸೋರಿಕೆಯ ಪ್ರಶ್ನೆ ಕೆಳಪಾತ್ರೆಯ ಪುಟ್ಟ ನಲ್ಲಿಯ ವಾಷರಿಗೆ ಸೀಮಿತವಾಗಿತ್ತು.

ಕೊಳವೆಬಾವಿಗಳು ಆಳಕ್ಕೆ ಇಳಿದಂತೆ ಪರಿಸ್ಥಿತಿ ಬದಲಾಯಿತು. ಗಟ್ಟಿ ಶಿಲೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಆ ಶಿಲೆಯ ಲವಣಗಳನ್ನು ಕರಗಿಸಿಕೊಳ್ಳುತ್ತದೆ. ಇದರಿಂದ ನೀರು ಗಡಸಾಗುತ್ತದೆ. ಕೆಲವು ಕೊಳವೆಬಾವಿಗಳಲ್ಲಿ ಫ್ಲೋರೈಡಿನ ಪ್ರಮಾಣವೂ ಹೆಚ್ಚಾಗುತ್ತದೆ. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನಕವಾದ ಐಎಸ್ 10500 (2012) ಪ್ರಕಾರ ಲೀಟರಿಗೆ ಫ್ಲೋರೈಡ್ 1.0 ಮಿಲಿಗ್ರಾಂ, ಗಡಸುತನ 200 ಮಿಲಿಗ್ರಾಂ, ಕರಗಿದ ಒಟ್ಟು ಘನಪದಾರ್ಥ 500 ಮಿಲಿಗ್ರಾಂ ಸ್ವೀಕಾರಾರ್ಹ ಮಿತಿಗಳು. ಬೇರೆ ನೀರಿನ ಮೂಲವಿಲ್ಲದಾಗ ಇವು ಕ್ರಮವಾಗಿ 1.5, 600 ಮತ್ತು 2000ದವರೆಗೆ ಇರಬಹುದು. ಮಿತಿ ಮೀರಿದ ಫ್ಲೋರೈಡನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆಗಳೂ, ಮುಂದೆ ಮೂಳೆ ಮತ್ತು ಕೀಲುಗಳ ಬಿಗಿತವೂ ಕಾಣಿಸಿಕೊಳ್ಳುತ್ತವೆ. ಬಟ್ಟೆಯಾಗಲಿ ಕ್ಯಾಂಡಲ್ ಆಗಲಿ ಫ್ಲೋರೈಡನ್ನು ತಡೆಯಲಾರವು. ಕಾಯಿಸುವುದರಿಂದಲೂ ಪ್ರಯೋಜನವಿಲ್ಲ, ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ. ಕಾಯಿಸಿದ ನೀರು ಎಲ್ಲ ದೋಷಗಳಿಂದಲೂ ಮುಕ್ತವೆಂಬ ನಂಬಿಕೆ ಈ ಒಂದು ವಿಷಯದಲ್ಲಿ ಹಾನಿಕರವಾದುದು.

ಈ ಕಾರಣದಿಂದ ರಿವರ್ಸ್ ಆಸ್ಮಾಸಿಸ್ ಅಥವಾ ಆರ್‌ಒ ಎಂಬ ವಿಧಾನ ಬಳಕೆಗೆ ಬಂದಿತು. ಮೊದಲು ಹಳ್ಳಿಗಳಲ್ಲಿ ಸಾರ್ವಜನಿಕ ಶುದ್ಧ ಕುಡಿಯುವ ನೀರಿನ ಘಟಕಗಳಾದವು. ನಾಣ್ಯ ಹಾಕಿ 20 ಲೀಟರಿನ ಕ್ಯಾನು ತುಂಬಿಸಿಕೊಂಡು ಸೈಕಲ್ಲಿನಲ್ಲಿಯೋ ಸ್ಕೂಟರಿನಲ್ಲಿಯೋ ತರುವುದು ದಿನಚರಿಯಾಯಿತು. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ ಮಿಷನ್ ಯೋಜನೆ, ಕರ್ನಾಟಕದಲ್ಲಿ ಮನೆ ಮನೆಗೆ ಗಂಗೆ ಎಂಬ ಹೆಸರಿನಲ್ಲಿ, ಗ್ರಾಮೀಣ ಮನೆಗಳಿಗೂ ನಲ್ಲಿಯನ್ನು ತಂದಿತು. ನಲ್ಲಿ ಬಂದ ಮನೆಗೆ ಯಂತ್ರವೂ ಬಂದಿತು. ಆರ್‌ಒ ಪೊರೆಯ ಮೂಲಕ ನೀರು ಹಾಯಬೇಕಾದರೆ ಒತ್ತಡ ಬೇಕು. ಒತ್ತಡವಿರುವ ಕಡೆ ಪ್ರತಿಯೊಂದು ಸಂದಿಯೂ ಸೋರುವ ಸಾಧ್ಯತೆಯುಳ್ಳ ಸ್ಥಳ. ಎರಡು ಪಾತ್ರೆಗಳ ಫಿಲ್ಟರಿನಲ್ಲಿ ಇಲ್ಲದಿದ್ದ ಸಮಸ್ಯೆ ಹೀಗೆ ಅಡುಗೆಮನೆಯನ್ನು ಪ್ರವೇಶಿಸಿತು.

ತೊಟ್ಟಿಕ್ಕುವ ನೀರಿನ ಲೆಕ್ಕವನ್ನು ಯಾರಾದರೂ ಮಾಡಬಹುದು. ಸುಮಾರು 20 ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೆ, ಸೆಕೆಂಡಿಗೊಂದು ಹನಿಯಂತೆ ಬೀಳುವ ನೀರು ದಿನಕ್ಕೆ 4.3 ಲೀಟರಿನಷ್ಟಾಗುತ್ತದೆ, ವರ್ಷಕ್ಕೆ 1,500 ಲೀಟರಿಗೂ ಹೆಚ್ಚು. ಅಂದರೆ ಸುಮಾರು ಐದು ದಿನಗಳಿಗೊಮ್ಮೆ ಒಂದು ಕ್ಯಾನು ನೀರು ಚರಂಡಿಗೆ ಹೋದಂತೆ. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವ ಬೀದಿಯಲ್ಲಿ ಇದು ಸಣ್ಣ ಮೊತ್ತವಲ್ಲ. ಸೋರಿಕೆಯಿಂದ ಮರದ ಕಪಾಟು ಉಬ್ಬುವುದು, ಗೋಡೆಗೆ ತೇವ ಏರುವುದು, ಯಂತ್ರದ ವಿದ್ಯುತ್ ಅಡಾಪ್ಟರಿನ ಮೇಲೆ ನೀರು ಬೀಳುವುದು ಇವೂ ನಡೆಯುತ್ತವೆ.

ನೀರನ್ನು ತಡೆಯುವ ಬಗೆಗಳು

ಮನೆಯ ಜೋಡಣೆಗಳಲ್ಲಿ ನೀರು ಹೊರಬಾರದಂತೆ ತಡೆಯುವ ಬಗೆಗಳು ಮುಖ್ಯವಾಗಿ ಮೂರು. ಮೊದಲನೆಯದರಲ್ಲಿ ತಿರುಪಿನ ಹಲ್ಲು, ಅಂದರೆ ಥ್ರೆಡ್, ತಾನೇ ತಡೆಯಾಗಿರುತ್ತದೆ. ಹೊರಥ್ರೆಡ್ ಮತ್ತು ಒಳಥ್ರೆಡ್‌ಗಳ ನಡುವೆ ಉಳಿಯುವ ಸೂಕ್ಷ್ಮ ಸಂದಿಯನ್ನು ಟೆಫ್ಲಾನ್ ಟೇಪ್ ತುಂಬುತ್ತದೆ. ಎರಡನೆಯದರಲ್ಲಿ ಥ್ರೆಡ್ ಕೇವಲ ಎಳೆದು ಹಿಡಿಯುವ ಕೆಲಸ ಮಾಡುತ್ತದೆ. ತಡೆ ಇರುವುದು ತಳದಲ್ಲಿ ಕೂರುವ ಚಪ್ಪಟೆ ರಬ್ಬರ್ ವಾಷರಿನಲ್ಲಿ. ಮೂರನೆಯದರಲ್ಲಿ ಥ್ರೆಡ್ ಇಲ್ಲದೆಯೂ ಕೆಲಸ ನಡೆಯುತ್ತದೆ. ನುಣುಪಾದ ಕೊಳವೆಯ ಸುತ್ತ ಓ-ರಿಂಗ್ ಎಂಬ ದುಂಡು ರಬ್ಬರ್ ಬಳೆ ಅಪ್ಪಿಕೊಂಡಿರುತ್ತದೆ.

ಈ ಭೇದ ತಿಳಿದರೆ ಉಳಿದ ನಿಯಮಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ವಾಷರ್ ಇರುವ ಜೋಡಣೆಗೆ ಟೇಪ್ ಸುತ್ತಿದರೆ ಥ್ರೆಡ್ ಬೇಗ ಬಿಗಿಯಾಗಿ, ನಟ್ಟು ವಾಷರನ್ನು ಒತ್ತುವ ಮೊದಲೇ ನಿಂತುಬಿಡುತ್ತದೆ. ಕೈಗೆ ಬಿಗಿಯಾದಂತೆ ತೋರಿದರೂ ನೀರು ಸೋರುತ್ತದೆ. ಟೇಪ್ ಬೇಕಾದಲ್ಲಿ ವಾಷರನ್ನು ನಂಬಿದರೂ ಫಲ ಅದೇ. ಓ-ರಿಂಗ್ ಇರುವಲ್ಲಿ ಕೈಯ ಬಲವೇ ಸಾಕು. ಸ್ಪ್ಯಾನರಿನ ಬಲ ರಬ್ಬರನ್ನು ಹಿಂಡಿ ಹರಿಯುತ್ತದೆ ಅಥವಾ ಪ್ಲಾಸ್ಟಿಕ್ಕನ್ನು ಸೀಳುತ್ತದೆ.

ಭಾರತದಲ್ಲಿ ನೀರಿನ ಕೊಳವೆಗಳ ಥ್ರೆಡ್ ಬ್ರಿಟಿಷ್ ಪದ್ಧತಿಯದು. ಥ್ರೆಡ್ ತಾನೇ ನೀರು ತಡೆಯಬೇಕಾದಲ್ಲಿ ಐಎಸ್ 554, ಕೇವಲ ಹಿಡಿದಿಡಬೇಕಾದಲ್ಲಿ ಐಎಸ್ 2643 ಅನ್ವಯಿಸುತ್ತವೆ. ಮೇಲೆ ಹೇಳಿದ ಮೊದಲೆರಡು ಬಗೆಗಳ ಭೇದವನ್ನು ಮಾನಕಗಳೇ ಹೀಗೆ ಒಪ್ಪಿಕೊಂಡಿವೆ. ಅರ್ಧ ಇಂಚಿನ ನಲ್ಲಿ ಎಂದು ಕೇಳಿ ತಂದ ವಸ್ತುವನ್ನು ಅಳತೆಪಟ್ಟಿಯಿಂದ ಅಳೆದರೆ ಥ್ರೆಡ್‌ನ ಹೊರವ್ಯಾಸ ಸುಮಾರು 21 ಮಿ.ಮೀ. ಬರುತ್ತದೆ; ಅರ್ಧ ಇಂಚು ಎಂದರೆ 12.7 ಮಿ.ಮೀ. ಮಾತ್ರ. ಈ ಹೆಸರು ಕೊಳವೆಯ ಒಳಗಾತ್ರದಿಂದ ಬಂದುದರಿಂದ ಹೊರಗಿನ ಅಳತೆಗೆ ಹೊಂದುವುದಿಲ್ಲ. ವಿದೇಶದಿಂದ ಮಕ್ಕಳು ತಂದುಕೊಟ್ಟ ಯಂತ್ರಗಳಲ್ಲಿ ಇನ್ನೊಂದು ತೊಡಕಿದೆ. ಅಮೆರಿಕದ ಅರ್ಧ ಇಂಚಿನ ಥ್ರೆಡ್‌ಗೂ ಇಲ್ಲಿನದಕ್ಕೂ ಇಂಚಿಗೆ 14 ಸುತ್ತುಗಳೇ ಆದರೂ ಹಲ್ಲಿನ ಕೋನ ಅಲ್ಲಿ 60 ಡಿಗ್ರಿ, ಇಲ್ಲಿ 55 ಡಿಗ್ರಿ. ಎರಡೂ ಒಂದರೊಳಗೊಂದು ತಿರುಗಿ ಕೂರುತ್ತವೆ, ಆದರೆ ಸರಿಯಾಗಿ ಹೊಂದುವುದಿಲ್ಲ. ಇಂತಹ ಕಡೆ ಎಷ್ಟು ಟೇಪ್ ಸುತ್ತಿದರೂ ಭರವಸೆಯಿಲ್ಲ. ಮಧ್ಯೆ ಪರಿವರ್ತಕ ತುಂಡನ್ನು ಹಾಕುವುದೇ ಸರಿ.

ನಲ್ಲಿಯ ಬಾಯಿಗೆ ಜೋಡಣೆ

ಕಟ್ಟೆಯ ಮೇಲಿಡುವ ಸಣ್ಣ ಉಪಕರಣಗಳನ್ನು ನಲ್ಲಿಯ ಬಾಯಿಗೇ ಡೈವರ್ಟರ್ ಎಂಬ ಕವಲುನಲ್ಲಿಯ ಮೂಲಕ ಸೇರಿಸುತ್ತಾರೆ. ಬಾಡಿಗೆಮನೆಯಲ್ಲಿರುವವರಿಗೆ ಇದು ಅನುಕೂಲ, ಗೋಡೆಯನ್ನು ಮುಟ್ಟಬೇಕಾಗಿಲ್ಲ. ಹೊಸ ಬಗೆಯ ಸಿಂಕ್ ನಲ್ಲಿಗಳ ತುದಿಯಲ್ಲಿ ನೀರನ್ನು ನೊರೆಯಂತೆ ಬಿಡುವ ಜಾಲರಿಯಿರುತ್ತದೆ. ಅದನ್ನು ತಿರುಗಿಸಿ ತೆಗೆದಾಗ ಥ್ರೆಡ್ ಕಾಣುತ್ತದೆ. ಥ್ರೆಡ್ ನಲ್ಲಿಯ ಬಾಯಿಯ ಒಳಗಿದ್ದರೆ ಸಾಮಾನ್ಯವಾಗಿ 24 ಮಿ.ಮೀ.ನ ಹೊರಥ್ರೆಡ್ ತುಂಡೂ, ಹೊರಗಿದ್ದರೆ 22 ಮಿ.ಮೀ.ನ ಒಳಥ್ರೆಡ್ ತುಂಡೂ ಬೇಕಾಗುತ್ತದೆ. ತೆಗೆದ ಜಾಲರಿಯನ್ನೇ ಅಂಗಡಿಗೆ ಒಯ್ಯುವುದು ಅಳತೆ ಬರೆದುಕೊಂಡು ಹೋಗುವುದಕ್ಕಿಂತ ನಂಬಲರ್ಹ.

ಇಲ್ಲಿ ನೀರನ್ನು ತಡೆಯುವುದು ವಾಷರ್. ಜಾಲರಿಯ ಹಳೆಯ ವಾಷರ್ ನಲ್ಲಿಯ ಬಾಯಿಯೊಳಗೇ ಅಂಟಿಕೊಂಡು ಉಳಿದಿದ್ದು, ಅದರ ಮೇಲೆ ಹೊಸ ವಾಷರ್ ಕೂತರೆ ಎರಡೂ ಜಾರಿ ಓರೆಯಾಗುತ್ತವೆ. ಬೆರಳಿನಿಂದ ಒಳಗೆ ತಡವಿ ನೋಡಿ ಹಳೆಯದನ್ನು ತೆಗೆಯಬೇಕು. ವಾಷರ್ ಕೂರುವ ಅಂಚಿನಲ್ಲಿ ಸುಣ್ಣದ ಹರಳು ಇದ್ದರೆ ಅದನ್ನೂ ಉಜ್ಜಿ ತೆಗೆಯಬೇಕು. ಬಳಿಕ ಕೈಯಿಂದ ಬಿಗಿದು, ಬಟ್ಟೆ ಸುತ್ತಿದ ಸ್ಪ್ಯಾನರಿನಿಂದ ಕಾಲು ಸುತ್ತಿನಷ್ಟು ತಿರುಗಿಸಿದರೆ ಸಾಕು.

ಹಳೆಯ ಮನೆಗಳ ಹಿತ್ತಾಳೆ ನಲ್ಲಿಗಳ ಬಾಯಿಗೆ ಥ್ರೆಡ್ಡೇ ಇರುವುದಿಲ್ಲ. ಅವಕ್ಕೆ ರಬ್ಬರ್ ತೊಟ್ಟಿಲಿನಂತಹ ತುಂಡನ್ನು ಏರಿಸಿ ಕ್ಲಿಪ್ಪಿನಿಂದ ಬಿಗಿಯುವ ಉಪಾಯವಿದೆ. ಇದು ಬಟ್ಟೆ ಒಗೆಯುವ ಯಂತ್ರಕ್ಕೆ ತಾತ್ಕಾಲಿಕವಾಗಿ ನೀರು ಕೊಡಲು ಆದೀತು. ಹಗಲಿರುಳೂ ಒತ್ತಡ ತಾಳಬೇಕಾದ ಶುದ್ಧೀಕರಣ ಯಂತ್ರಕ್ಕೆ ಇದನ್ನು ಬಳಸಬಾರದು. ಥ್ರೆಡ್ ಇರುವ ನಲ್ಲಿಯನ್ನು ಹಾಕಿಸುವುದು ಕಡಿಮೆ ಖರ್ಚಿನ ಕೆಲಸ.

ಗೋಡೆಯ ಕವಲಿನಿಂದ ಜೋಡಣೆ

ಗೋಡೆಗೆ ತೂಗುಹಾಕುವ ಆರ್‌ಒ ಯಂತ್ರಗಳಿಗೆ ಕರ್ನಾಟಕದಲ್ಲಿ ಹೆಚ್ಚಾಗಿ ಅನುಸರಿಸುವ ಕ್ರಮ ಇದು. ಗೋಡೆಯೊಳಗಿನ ಕೊಳವೆಗೂ ನಲ್ಲಿಗೂ ನಡುವೆ ಹಿತ್ತಾಳೆಯ ಅಥವಾ ಸ್ಟೀಲಿನ ಟೀ ತುಂಡೊಂದನ್ನು ಸೇರಿಸುತ್ತಾರೆ. ಅದರ ಒಂದು ತುದಿ ಗೋಡೆಗೆ, ಒಂದು ತುದಿ ನಲ್ಲಿಗೆ, ಪಕ್ಕದ ಕವಲು ಪುಟ್ಟ ತಡೆನಲ್ಲಿಯ ಮೂಲಕ ಯಂತ್ರಕ್ಕೆ. ಕೆಲಸಕ್ಕೆ ಮೊದಲು ಮೇಲಿನ ಟ್ಯಾಂಕಿನ ಗೇಟ್ ವಾಲ್ವ್ ಮುಚ್ಚಿ, ಕೆಳಗಿನ ನಲ್ಲಿಯೊಂದನ್ನು ತೆರೆದು ಕೊಳವೆಯ ನೀರನ್ನು ಖಾಲಿ ಮಾಡಬೇಕು. ವರ್ಷಗಟ್ಟಲೆ ಮುಟ್ಟದ ಗೇಟ್ ವಾಲ್ವ್ ಪೂರ್ತಿ ಮುಚ್ಚದಿರುವುದು ಸಾಮಾನ್ಯ. ನಲ್ಲಿಯನ್ನು ಬಿಚ್ಚುವ ಮುನ್ನವೇ ಇದನ್ನು ಪರೀಕ್ಷಿಸಿಕೊಳ್ಳದಿದ್ದರೆ ಅಡುಗೆಮನೆಯೇ ಕೆರೆಯಾಗುತ್ತದೆ.

ನಲ್ಲಿಯನ್ನು ಬಿಚ್ಚಿದ ಮೇಲೆ ಗೋಡೆಯೊಳಗಿನ ಒಳಥ್ರೆಡ್ಡನ್ನು ನೋಡಬೇಕು. ಹಳೆಯ ಟೇಪಿನ ಚೂರು, ಕಬ್ಬಿಣದ ಕೊಳವೆಯಾದರೆ ತುಕ್ಕು ಮತ್ತು ಹಿಂದಿನ ಕಾಲದಲ್ಲಿ ಸುತ್ತುತ್ತಿದ್ದ ಸಣಬಿನ ನಾರು, ಇವೆಲ್ಲವನ್ನೂ ತಂತಿಯ ಬ್ರಷ್ಷಿನಿಂದ ಸ್ವಚ್ಛಗೊಳಿಸಬೇಕು. ಹೊಸ ಮನೆಗಳಲ್ಲಿ ಗೋಡೆಯೊಳಗೆ ಇರುವುದು ಸಿಪಿವಿಸಿ ಎಂಬ ಪ್ಲಾಸ್ಟಿಕ್ ಕೊಳವೆ. ಅದರ ತುದಿಯ ಎಲ್ಬೋವಿನಲ್ಲಿ ಹಿತ್ತಾಳೆಯ ಒಳಥ್ರೆಡ್ ಕೂರಿಸಿರಬಹುದು, ಅಥವಾ ಥ್ರೆಡ್ ಪೂರ್ತಿ ಪ್ಲಾಸ್ಟಿಕ್ಕಿನದೇ ಆಗಿರಬಹುದು. ಎರಡನೆಯದಾದರೆ ಅತಿಯಾದ ಬಲ ಎಲ್ಬೋವನ್ನು ಒಳಗಿನಿಂದಲೇ ಸೀಳುತ್ತದೆ. ಆ ಬಿರುಕು ಹೊರಗೆ ಕಾಣುವುದಿಲ್ಲ. ಕೆಲವು ವಾರಗಳ ಅನಂತರ ಗೋಡೆಯ ಹಿಂಬದಿಯಲ್ಲಿ ಸುಣ್ಣ ಉದುರತೊಡಗಿದಾಗ ತಿಳಿಯುತ್ತದೆ. ಆಗ ಟೈಲ್ಸ್ ಒಡೆಯದೆ ದಾರಿಯಿಲ್ಲ. ನಲ್ಲಿ ಜೋಡಣೆಯ ಎಲ್ಲ ಅನಾಹುತಗಳಲ್ಲಿ ಹೆಚ್ಚು ಖರ್ಚಿನದು ಇದೇ.

ಟೀ ತುಂಡಿನ ಹೊರಥ್ರೆಡ್ ಮೇಲೆ ಟೇಪ್ ಸುತ್ತುವ ದಿಕ್ಕು ಮುಖ್ಯ. ಥ್ರೆಡ್‌ನ ತುದಿಯನ್ನು ತನ್ನ ಕಡೆಗೆ ಹಿಡಿದುಕೊಂಡು ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಸುತ್ತಬೇಕು. ವಿರುದ್ಧವಾಗಿ ಸುತ್ತಿದ ಟೇಪ್, ತುಂಡನ್ನು ತಿರುಗಿಸುವಾಗ ಬಿಚ್ಚಿಕೊಂಡು ಹೊರಗೆ ಮುದುಡುತ್ತದೆ. ಮೊದಲ ಹಲ್ಲನ್ನು ಖಾಲಿ ಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಟೇಪಿನ ಚೂರು ನೀರಿನೊಡನೆ ಸಾಗಿ ಯಂತ್ರದ ಒಳಬಾಯಿಯನ್ನು ಕಟ್ಟುತ್ತದೆ. ಟೇಪನ್ನು ಸ್ವಲ್ಪ ಎಳೆದು ಹಿಡಿದು, ಪ್ರತಿ ಸುತ್ತೂ ಹಿಂದಿನದರ ಅರ್ಧವನ್ನು ಮುಚ್ಚುವಂತೆ ಸುತ್ತಿದಾಗ ಅದು ಹಲ್ಲುಗಳ ನಡುವೆ ಇಳಿದು ಹಲ್ಲಿನ ಆಕಾರ ಮೇಲೆ ಕಾಣುತ್ತದೆ. ಎಷ್ಟು ಸುತ್ತು ಎಂಬುದಕ್ಕೆ ಒಂದೇ ಸಂಖ್ಯೆಯಿಲ್ಲ. ಅಗ್ಗದ ಟೇಪ್ ಬಹಳ ತೆಳುವಾಗಿರುವುದರಿಂದ ಹತ್ತು ಹನ್ನೆರಡು ಸುತ್ತು ಬೇಕಾಗಬಹುದು. ದಪ್ಪ ಟೇಪಿಗೆ ಅದರ ಅರ್ಧ ಸಾಕು. ಕೈಯಿಂದ ಎರಡು ಮೂರು ಸುತ್ತು ಸುಲಭವಾಗಿ ಹೋಗಿ, ಅನಂತರ ಕ್ರಮೇಣ ಬಿಗಿಯಾಗುತ್ತ ಬಂದರೆ ಟೇಪ್ ಸರಿಯಾಗಿದೆ ಎಂದರ್ಥ. ಟೆಫ್ಲಾನ್ ಎಂಬುದು ಪಾಲಿಟೆಟ್ರಾಫ್ಲೋರೋಎಥಿಲೀನಿನ ವ್ಯಾಪಾರನಾಮ. 1938ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ರಾಯ್ ಪ್ಲಂಕೆಟ್ ಶೀತಕ ಅನಿಲಗಳನ್ನು ಕುರಿತು ಸಂಶೋಧನೆ ನಡೆಸುತ್ತಿದ್ದಾಗ ಆಕಸ್ಮಿಕವಾಗಿ ದೊರೆತ ಈ ವಸ್ತು ಬಹಳ ಜಾರುವ ಗುಣದ್ದು. ಸಂದಿಯನ್ನು ತುಂಬುವುದರ ಜೊತೆಗೆ ಲೋಹಗಳು ಒಂದಕ್ಕೊಂದು ಕಚ್ಚದಂತೆ ನೋಡಿಕೊಳ್ಳುವುದೂ ಅದರ ಕೆಲಸ. ಈ ಜಾರುಗುಣದಿಂದಲೇ ಅಗತ್ಯಕ್ಕಿಂತ ಹೆಚ್ಚು ತಿರುಗಿಸಿಬಿಡುವ ಅಪಾಯವೂ ಇದೆ.

ಗೋಡೆಯ ಜೋಡಣೆಯಲ್ಲಿ ಅನುಭವಿಗಳೂ ಎಡವುವ ಒಂದು ಸ್ಥಳವಿದೆ. ತುಂಡು ಬಿಗಿಯಾದಾಗ ನಲ್ಲಿಯ ಬಾಯಿ ನೇರ ಕೆಳಕ್ಕೆ ಬರದೆ ಓರೆಯಾಗಿ ನಿಲ್ಲುತ್ತದೆ. ಅದನ್ನು ನೇರ ಮಾಡಲು ಕಾಲು ಸುತ್ತು ಹಿಂದಕ್ಕೆ ತಿರುಗಿಸುವ ಆಸೆ ಸಹಜ. ಆದರೆ ಒಮ್ಮೆ ಒತ್ತಿಕೊಂಡ ಟೇಪ್ ಹಿಂದಕ್ಕೆ ತಿರುಗಿಸಿದಾಗ ಮತ್ತೆ ಉಬ್ಬಿ ಸಂದಿಯನ್ನು ತುಂಬುವುದಿಲ್ಲ. ಆ ದಾರಿಯಲ್ಲಿಯೇ ನೀರು ಹೊರಬರುತ್ತದೆ. ಮುಂದಕ್ಕೆ ತಿರುಗಿಸಿ ನೇರ ಮಾಡಲು ಸಾಧ್ಯವಾದರೆ ಮಾಡಬಹುದು. ಇಲ್ಲವಾದರೆ ಪೂರ್ತಿ ಬಿಚ್ಚಿ, ಹಳೆಯ ಟೇಪನ್ನು ತೆಗೆದು, ಒಂದೆರಡು ಸುತ್ತು ಹೆಚ್ಚು ಅಥವಾ ಕಡಿಮೆ ಸುತ್ತಿ ಮತ್ತೆ ಕೂರಿಸಬೇಕು. ಸಂಜೆಯ ಹೊತ್ತಿಗೆ ಅವಸರದಲ್ಲಿ ಮಾಡಿದ ಕೆಲಸಗಳು ಮಾರನೆಯ ದಿನ ಸೋರುವುದು ಬಹುಮಟ್ಟಿಗೆ ಈ ಕಾಲು ಸುತ್ತಿನಿಂದ. ನಲ್ಲಿಯನ್ನು ಟೀಗೆ ಸೇರಿಸುವಾಗಲೂ ಒಂದು ಸ್ಪ್ಯಾನರಿನಿಂದ ಟೀಯನ್ನು ಅಲುಗದಂತೆ ಹಿಡಿದು ಇನ್ನೊಂದರಿಂದ ನಲ್ಲಿಯನ್ನು ತಿರುಗಿಸಬೇಕು. ಹಾಗೆ ಹಿಡಿಯದಿದ್ದರೆ ಆ ಬಲವೆಲ್ಲ ಗೋಡೆಯೊಳಗಿನ ಎಲ್ಬೋವಿಗೆ ತಗಲುತ್ತದೆ.

ಕೊಳವೆಗೆ ಸೂಜಿ ಚುಚ್ಚಿ ನೀರು ತೆಗೆಯುವ ಸ್ಯಾಡಲ್ ವಾಲ್ವ್ ಎಂಬ ಸಾಧನವೂ ಮಾರುಕಟ್ಟೆಯಲ್ಲಿದೆ. ಅದನ್ನು ತೆಳು ತಾಮ್ರದ ಕೊಳವೆಗಾಗಿ ರೂಪಿಸಲಾಗಿದೆ. ಇಲ್ಲಿನ ಕಬ್ಬಿಣದ ಅಥವಾ ಸಿಪಿವಿಸಿ ಕೊಳವೆಗಳಿಗೆ ಅದು ಸಲ್ಲದು.

ಕಾಲಿಂಚಿನ ಕೊಳವೆ

ಟೀಯಿಂದ ಯಂತ್ರಕ್ಕೆ ಹೋಗುವ ಬಿಳಿಯ ಸಣ್ಣ ಕೊಳವೆಯ ಹೊರವ್ಯಾಸ ಕಾಲಿಂಚು, ಅಂದರೆ 6.35 ಮಿ.ಮೀ. ಇದರ ತುದಿಯನ್ನು ಒತ್ತಿ ಕೂರಿಸುವ ಜೋಡಣೆಯೊಳಗೆ ಓ-ರಿಂಗ್ ಮತ್ತು ಹಲ್ಲುಗಳುಳ್ಳ ಒಂದು ಬಳೆ ಇರುತ್ತವೆ. ಹಲ್ಲು ಕೊಳವೆಯನ್ನು ಹಿಡಿಯುತ್ತದೆ, ಓ-ರಿಂಗ್ ನೀರನ್ನು ತಡೆಯುತ್ತದೆ. ಕತ್ತರಿಯಿಂದ ಕತ್ತರಿಸಿದ ಕೊಳವೆಯ ತುದಿ ಚಪ್ಪಟೆಯಾಗಿ ಓರೆಯಾಗುವುದರಿಂದ ಓ-ರಿಂಗ್‌ಗೆ ಗಾಯ ಮಾಡುತ್ತದೆ. ಹರಿತವಾದ ಬ್ಲೇಡಿನಿಂದ ನೇರವಾಗಿ ಕತ್ತರಿಸಿ, ತುದಿಯಿಂದ ಸುಮಾರು ಒಂದೂವರೆ ಸೆಂಟಿಮೀಟರಿನ ಬಳಿ ಪೆನ್ನಿನಿಂದ ಗುರುತು ಹಾಕಿ, ಆ ಗುರುತು ಒಳಹೋಗುವವರೆಗೆ ಒತ್ತಬೇಕು. ಅರ್ಧಕ್ಕೆ ಹೋಗಿ ನಿಂತ ಕೊಳವೆಯೂ ಕೈಗೆ ಗಟ್ಟಿಯಾಗಿಯೇ ತೋರುತ್ತದೆ, ಏಕೆಂದರೆ ಹಲ್ಲು ಹಿಡಿದಿರುತ್ತದೆ. ಓ-ರಿಂಗ್ ಮಾತ್ರ ಇನ್ನೂ ಮುಂದಿರುತ್ತದೆ. ಕೂರಿಸಿದ ಮೇಲೆ ಹಿಂದಕ್ಕೆ ಎಳೆದು ನೋಡಿ, ನೀಲಿ ಕ್ಲಿಪ್ ಇದ್ದರೆ ಸಿಕ್ಕಿಸಬೇಕು. ತೆಗೆಯುವಾಗ ಬಳೆಯನ್ನು ಒಳಕ್ಕೆ ಒತ್ತಿ ಹಿಡಿದು ಕೊಳವೆಯನ್ನು ಎಳೆಯಬೇಕು. ಒಮ್ಮೆ ತೆಗೆದ ಕೊಳವೆಯ ತುದಿಯಲ್ಲಿ ಹಲ್ಲಿನ ಗೀರುಗಳು ಉಳಿದಿರುವುದರಿಂದ ಅಷ್ಟು ಭಾಗವನ್ನು ಕತ್ತರಿಸಿ ಹಾಕಿ ಹೊಸ ತುದಿಯನ್ನು ಬಳಸಬೇಕು. ಇದಕ್ಕಾಗಿ ಮೊದಲೇ ಒಂದು ಗೇಣು ಕೊಳವೆಯನ್ನು ಹೆಚ್ಚಾಗಿ ಬಿಟ್ಟಿರುವುದು ಜಾಣತನ.

ಯಂತ್ರಕ್ಕೆ ಮುಂಚೆ ಮಣ್ಣುಮರಳು ಹಿಡಿಯುವ ಪಾರದರ್ಶಕ ಬಟ್ಟಲೊಂದನ್ನು ಹಾಕುವುದುಂಟು. ಅದರ ಕುತ್ತಿಗೆಯಲ್ಲಿರುವ ದೊಡ್ಡ ಓ-ರಿಂಗ್ ಮೇಲೆ ಒಂದು ಕಣ ಮರಳು ಕೂತರೂ ಸೋರುತ್ತದೆ. ರಬ್ಬರಿಗೆ ಸಿಲಿಕೋನ್ ಗ್ರೀಸ್ ತೆಳುವಾಗಿ ಹಚ್ಚಬಹುದು. ತೆಂಗಿನ ನಾಡಾದ ಅರಸೀಕೆರೆ ತಿಪಟೂರುಗಳ ಕಡೆ ಬಾಗಿಲ ತಿರುಗಣೆಯಿಂದ ಹಿಡಿದು ಎಲ್ಲಕ್ಕೂ ಕೊಬ್ಬರಿ ಎಣ್ಣೆ ಸವರುವ ಅಭ್ಯಾಸವಿದೆ. ಆದರೆ ಎಣ್ಣೆ ತಗಲಿದರೆ ಕೆಲವು ಜಾತಿಯ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆಯಾದ್ದರಿಂದ ಇಲ್ಲಿ ಅದು ಬೇಡ.

ಒತ್ತಡ

ನೀರಿನ ಕಂಬ 10 ಮೀಟರ್ ಎತ್ತರವಿದ್ದಾಗ ತಳದಲ್ಲಿ ಸುಮಾರು 1 ಬಾರ್ ಒತ್ತಡವಿರುತ್ತದೆ. ಒಂದೇ ಅಂತಸ್ತಿನ ಮನೆಯ ಮಾಳಿಗೆಯ ಮೇಲಿನ ಟ್ಯಾಂಕು ಅಡುಗೆಮನೆಯ ನಲ್ಲಿಗಿಂತ 4 ಮೀಟರ್ ಮೇಲಿದ್ದರೆ ದೊರೆಯುವುದು ಸುಮಾರು 0.4 ಬಾರ್ ಮಾತ್ರ. ಇಷ್ಟು ಕಡಿಮೆ ಒತ್ತಡದಲ್ಲಿ ಕೆಟ್ಟ ಜೋಡಣೆಯೂ ಸೋರದೆ ಇರಬಹುದು. ಆರ್‌ಒ ಯಂತ್ರದೊಳಗಿನ ಪಂಪು ನೀರನ್ನು ಸುಮಾರು 4ರಿಂದ 6 ಬಾರ್‌ಗೆ ಏರಿಸುತ್ತದೆ. ಪಂಪಿನಿಂದ ಮುಂದಿನ ಜೋಡಣೆಗಳ ದೋಷ ಯಂತ್ರ ಓಡುವಾಗ ಮಾತ್ರ ಕಾಣಿಸುತ್ತದೆ. ಕೊಳವೆಬಾವಿಯ ಮೋಟಾರಿನಿಂದ ಟ್ಯಾಂಕಿಗೆ ಹೋಗುವ ಕೊಳವೆಗೇ ಯಂತ್ರವನ್ನು ಸೇರಿಸುವುದು ತಪ್ಪು. ಮೋಟಾರ್ ಚಾಲೂ ಆದ ಕ್ಷಣದ ಹೊಡೆತಕ್ಕೆ ಸಣ್ಣ ಕೊಳವೆ ಕಳಚಿಕೊಳ್ಳುತ್ತದೆ. ಎತ್ತರದ ಕಟ್ಟಡಗಳ ಕೆಳ ಅಂತಸ್ತುಗಳಲ್ಲಿ ಒತ್ತಡ ಇಳಿಸುವ ವಾಲ್ವ್ ಅಗತ್ಯವಾಗಬಹುದು.

ಗಡಸು ನೀರು ಮತ್ತು ಸೋರಿಕೆಯ ಗುರುತು

ಮಲೆನಾಡಿನ ಮೆದುನೀರಿನಲ್ಲಿ ಹಿತ್ತಾಳೆಯ ಜೋಡಣೆ ಸೋರಿದರೆ ತೇವವೂ ಹಸಿರು ಕಲೆಯೂ ಕಾಣುತ್ತವೆ. ಗಡಸು ನೀರಿನ ಊರುಗಳಲ್ಲಿ ಗುರುತು ಬೇರೆ. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್, ಹನಿ ಒಣಗುವಾಗ ಇಂಗಾಲದ ಡೈಆಕ್ಸೈಡನ್ನು ಬಿಟ್ಟು ಕ್ಯಾಲ್ಸಿಯಂ ಕಾರ್ಬೊನೇಟಾಗಿ ಉಳಿಯುತ್ತದೆ. ಹೀಗಾಗಿ ಕೈಗೆ ಒಣಗಿದಂತೆ ತೋರುವ ಜೋಡಣೆಯ ಸುತ್ತ ಬಿಳಿಯ ಗೆರೆಯೊಂದು ಬೆಳೆಯುತ್ತಿದ್ದರೆ ಅಲ್ಲಿ ನಿಧಾನವಾದ ಸೋರಿಕೆ ಇದೆ ಎಂದು ತಿಳಿಯಬೇಕು. ಕೆಲವೊಮ್ಮೆ ಈ ಸುಣ್ಣವೇ ಸಂದಿಯನ್ನು ಮುಚ್ಚಿ ಸೋರಿಕೆ ತಾನಾಗಿ ನಿಂತಂತಾಗುತ್ತದೆ. ಇದನ್ನು ದುರಸ್ತಿಯೆಂದು ಭಾವಿಸಬಾರದು. ಮುಂದಿನ ಬಾರಿ ಸೋಸುಕ ಬದಲಿಸಲು ಜೋಡಣೆ ಅಲುಗಿದೊಡನೆ ಸುಣ್ಣ ಒಡೆದು ಮೊದಲಿಗಿಂತ ಹೆಚ್ಚು ಸೋರುತ್ತದೆ.

ಹಿತ್ತಾಳೆ ಪಾತ್ರೆಗಳನ್ನು ಹುಣಸೆಹಣ್ಣಿನಿಂದ ಬೆಳಗುವ ಮನೆಗಳಿಗೆ ಇದರ ಪರಿಹಾರವೂ ಹೊಸದಲ್ಲ. ಆಮ್ಲ ಸುಣ್ಣವನ್ನು ಕರಗಿಸುತ್ತದೆ. ಬಿಚ್ಚಿದ ಲೋಹದ ತುಂಡನ್ನು ನಿಂಬೆರಸದಲ್ಲಿ ಅಥವಾ ವಿನೆಗರಿನಲ್ಲಿ ಅರ್ಧ ಗಂಟೆ ನೆನೆಸಿ, ಬ್ರಷ್ಷಿನಿಂದ ಉಜ್ಜಿ ತೊಳೆದರೆ ಥ್ರೆಡ್ ಸ್ವಚ್ಛವಾಗುತ್ತದೆ. ಶೌಚಾಲಯ ತೊಳೆಯುವ ತೀವ್ರ ಆಮ್ಲವನ್ನು ಕುಡಿಯುವ ನೀರಿನ ತುಂಡುಗಳಿಗೆ ಬಳಸಬಾರದು.

ಪರೀಕ್ಷೆ

ಜೋಡಣೆ ಮುಗಿದ ಮೇಲೆ ಗೇಟ್ ವಾಲ್ವನ್ನು ನಿಧಾನವಾಗಿ ತೆರೆದು, ಮೊದಲು ಬರುವ ಕೆಸರು ನೀರನ್ನು ಯಂತ್ರಕ್ಕೆ ಬಿಡದೆ ನಲ್ಲಿಯಿಂದ ಹೊರಹಾಕಬೇಕು. ಪ್ರತಿ ಸಂದಿಯನ್ನೂ ಒಣಬಟ್ಟೆಯಿಂದ ಒರೆಸಿ ತೆಳು ಕಾಗದ ಸುತ್ತಿದರೆ ಕಣ್ಣಿಗೆ ಕಾಣದ ತೇವವೂ ಕಾಗದದಲ್ಲಿ ಮೂಡುತ್ತದೆ. ಒಮ್ಮೆ ಯಂತ್ರ ನಿಂತಿರುವಾಗ, ಒಮ್ಮೆ ಅದು ಓಡುವಾಗ, ಒಮ್ಮೆ ಅದರ ತೊಟ್ಟಿ ತುಂಬಿ ತಾನಾಗಿ ನಿಂತ ಮೇಲೆ ನೋಡಬೇಕು. ಕೆಳಗೆ ಹಳೆಯ ದಿನಪತ್ರಿಕೆಯನ್ನು ಹಾಸಿ ರಾತ್ರಿಯಿಡೀ ಬಿಟ್ಟರೆ ಬೆಳಗ್ಗೆ ಹನಿ ಬಿದ್ದ ಜಾಗ ಉಬ್ಬಿರುತ್ತದೆ. ಆ ಹನಿ ಅದರ ನೇರ ಮೇಲಿನ ಸಂದಿಯಿಂದಲೇ ಬಂದಿತೆನ್ನಲಾಗದು. ನೀರು ಕೊಳವೆಯ ಮೈಯಗುಂಟ ಹರಿದು ತಗ್ಗಿನಲ್ಲಿ ತೊಟ್ಟಿಕ್ಕುತ್ತದೆ. ಆದುದರಿಂದ ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಒರೆಸುತ್ತ ಬಂದು ಮೊದಲು ಒದ್ದೆಯಾಗುವ ಸಂದಿಯನ್ನು ಹುಡುಕಬೇಕು. ವಿದ್ಯುತ್ ಪ್ಲಗ್ಗು ಯಂತ್ರಕ್ಕಿಂತ ಮೇಲಿರುವುದು, ಅಥವಾ ತಂತಿ ಪ್ಲಗ್ಗಿಗಿಂತ ಕೆಳಕ್ಕೆ ಒಮ್ಮೆ ಬಳುಕಿ ಮೇಲೇರುವುದು ಸುರಕ್ಷಿತ. ತಂತಿಯಗುಂಟ ಬಂದ ನೀರು ಬಳುಕಿನಲ್ಲಿಯೇ ಕೆಳಗೆ ಬೀಳುತ್ತದೆ.

ಹೊರಹೋಗುವ ನೀರು

ಆರ್‌ಒ ಯಂತ್ರಗಳು ಒಂದು ಪಾಲು ಶುದ್ಧ ನೀರಿಗೆ ಸಾಮಾನ್ಯವಾಗಿ ಎರಡರಿಂದ ಮೂರು ಪಾಲು ನೀರನ್ನು ಹೊರಬಿಡುತ್ತವೆ. ಸೋರುವ ಹನಿಗಿಂತ ಇದು ಬಹಳ ದೊಡ್ಡ ಮೊತ್ತವೆಂಬುದನ್ನು ಒಪ್ಪಿಕೊಳ್ಳಬೇಕು. ಕರಗಿದ ಘನಪದಾರ್ಥ ಲೀಟರಿಗೆ 500 ಮಿಲಿಗ್ರಾಮಿಗಿಂತ ಕಡಿಮೆ ಇರುವ ಕಡೆ ಆರ್‌ಒ ಬಳಕೆಯನ್ನು ನಿಷೇಧಿಸುವಂತೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ನಿರ್ದೇಶಿಸಿತ್ತು. ನೀರನ್ನು ಪರೀಕ್ಷೆ ಮಾಡಿಸದೆ ನೆರೆಮನೆಯವರು ಕೊಂಡರೆಂದು ಕೊಳ್ಳುವ ಯಂತ್ರ ಹಲವೆಡೆ ಅನಗತ್ಯ. ನದಿಯ ಮೆದುನೀರು ದೊರೆಯುವ ಮನೆಗೆ ಅತಿನೇರಳೆ ಕಿರಣದ ಸರಳ ಯಂತ್ರ ಸಾಕಾಗಬಹುದು.

ಹೊರಹೋಗುವ ಕೊಳವೆಯ ತುದಿಯನ್ನು ಸಿಂಕಿನ ಕೊಳವೆಯೊಳಗೆ ತುರುಕಬಾರದು. ತುದಿಗೂ ಚರಂಡಿಯ ನೀರಿಗೂ ನಡುವೆ ಗಾಳಿಯ ಅಂತರವಿರಬೇಕು. ಇಲ್ಲವಾದರೆ ಸಿಂಕ್ ಕಟ್ಟಿಕೊಂಡಾಗ ಕೊಳಕು ಹಿಂದಕ್ಕೆ ಏರುವ ಸಂಭವವಿದೆ. ಈ ನೀರನ್ನು ಬಕೆಟ್ಟಿನಲ್ಲಿ ಹಿಡಿದು ನೆಲ ಒರೆಸಲು, ಶೌಚಾಲಯಕ್ಕೆ, ಪಾತ್ರೆಗಳ ಮೊದಲ ತೊಳೆತಕ್ಕೆ ಬಳಸಬಹುದು. ನಾಲ್ಕರಲ್ಲಿ ಒಂದು ಪಾಲು ಶುದ್ಧ ನೀರಾಗಿ ಬೇರ್ಪಟ್ಟರೆ ಉಳಿದ ನೀರಿನಲ್ಲಿ ಲವಣವೂ ಫ್ಲೋರೈಡೂ ಮೊದಲಿಗಿಂತ ಸುಮಾರು ಮೂರನೆಯ ಒಂದರಷ್ಟು ಹೆಚ್ಚಾಗಿರುತ್ತವೆ. ಕುಂಡದ ಗಿಡಗಳಿಗೆ ಇದನ್ನೇ ನಿತ್ಯವೂ ಹಾಕಿದರೆ ಮಣ್ಣಿನ ಮೇಲೆ ಉಪ್ಪು ಕಟ್ಟುತ್ತದೆ. ದನಕರುಗಳಿಗೆ ಕುಡಿಸುವುದೂ ತರವಲ್ಲ, ಏಕೆಂದರೆ ಫ್ಲೋರೈಡಿನ ತೊಂದರೆ ಜಾನುವಾರುಗಳ ಹಲ್ಲು ಮತ್ತು ಮೂಳೆಗಳಿಗೂ ಉಂಟಾಗುತ್ತದೆ.